ಬಾಡಿದ ಹಾರದಿಂದ ಒಂದು ಕುಂಡ ಚೆಂಡು ಹೂವು

ಆಯುಧ ಪೂಜೆ ಮುಗಿದು ವಾರವಾದರೂ ನಮ್ಮ ಸ್ಕೂಟರಿನ ಹಾರ ಅಲ್ಲೇ ನೇತಾಡುತ್ತಿರುತ್ತದೆ. ಅದನ್ನು ಕಸಕ್ಕೆ ಹಾಕುವ ಮೊದಲು ಒಂದು ಹೂವು ಬಿಡಿಸಿ ನೋಡಿ. ಒಂದು ಎಸಳನ್ನು ಬುಡಸಮೇತ ಎಳೆದರೆ ಕೆಳಗೆ ಸೂಜಿಯಂಥ ಕಪ್ಪು ಕಡ್ಡಿ ಇರುತ್ತದೆ. ಅದೇ ಬೀಜ. ಪಕ್ಕದ ಎಸಳು ಎಳೆಯಿರಿ, ಅದಕ್ಕೂ ಒಂದು.

ಎಸಳಿಗೊಂದು ಬೀಜ ಎಲ್ಲಾದರೂ ಉಂಟಾ? ಅಸಲಿಗೆ ಅದು ಬರೀ ಎಸಳಲ್ಲ, ಒಂದೊಂದೂ ಒಂದು ಪುಟ್ಟ ಹೂವು. ಹಸಿರು ಬಟ್ಟಲೊಂದರಲ್ಲಿ ಒತ್ತೊತ್ತಾಗಿ ಕೂತ ಇಂಥ ಹೂವುಗಳ ಗುಂಪನ್ನೇ ನಾವು ಚೆಂಡು ಹೂವು ಅನ್ನುತ್ತೇವೆ. ಸೇವಂತಿಗೆ, ಸೂರ್ಯಕಾಂತಿಯದೂ ಇದೇ ಕತೆ. ಚೆಂಡು ಹೂವಿನ ತವರು ಮೆಕ್ಸಿಕೊ. ಅಲ್ಲಿನ ನಾವಾಟಲ್ ಭಾಷೆಯಲ್ಲಿ ಇದರ ಹೆಸರಿನ ಅರ್ಥ 'ಇಪ್ಪತ್ತು ಹೂವು'. ಅವರೂ ಬಿಡಿಸಿ ನೋಡಿರಬೇಕು!

ಬೀಜಕ್ಕೆ ಚೆನ್ನಾಗಿ ಬಲಿತ ಹೂವೇ ಆಗಬೇಕು. ಬಿಳಿಚಿಕೊಂಡ, ತೆಳ್ಳಗಿನ ಬೀಜ ಜೊಳ್ಳು. ಗಟ್ಟಿಯಾದವನ್ನು ಆರಿಸಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ವಾರದೊಳಗೆ ಮೊಳಕೆ ಕಾಣುತ್ತದೆ. ಅಂಗಡಿ ಹೂವು ಹೆಚ್ಚಾಗಿ ಹೈಬ್ರಿಡ್, ಹಾಗಾಗಿ ಮಕ್ಕಳು ತಾಯಿಯ ಹಾಗೇ ಇರುವುದಿಲ್ಲ. ನನ್ನ ಕುಂಡದಲ್ಲಿ ಅರ್ಧ ಗಿಡಗಳು ಒಂದೇ ಸುತ್ತಿನ ಸಪೂರ ಹೂವು ಬಿಟ್ಟವು. ನನಗೇನೂ ಬೇಜಾರಾಗಲಿಲ್ಲ, ಜೇನುಹುಳುಗಳು ಬಂದದ್ದು ಅವಕ್ಕೇ ಜಾಸ್ತಿ.

ಗಿಡಕ್ಕೆ ತಿಂಗಳು ತುಂಬಿದಾಗ ಕುಡಿ ಚಿವುಟಬೇಕು. ಇಲ್ಲೇ ಎಲ್ಲರೂ ಹಿಂದೇಟು ಹಾಕುವುದು. ತುದಿಯ ಕುಡಿ ಆಕ್ಸಿನ್ ಎಂಬ ಹಾರ್ಮೋನು ತಯಾರಿಸಿ ಕೆಳಕ್ಕೆ ಕಳಿಸುತ್ತಿರುತ್ತದೆ. ಅದು ಇಳಿದು ಬರುತ್ತಿರುವಷ್ಟು ದಿನವೂ ಎಲೆ ಸಂದುಗಳ ಮೊಗ್ಗುಗಳು ತೆಪ್ಪಗೆ ಕೂತಿರುತ್ತವೆ. ಕುಡಿ ಹೋಯಿತೋ, ಅವೆಲ್ಲ ಕವಲೊಡೆಯುತ್ತವೆ. ಕವಲು ಹೆಚ್ಚಿದಷ್ಟು ಹೂವು ಹೆಚ್ಚು. ಹೂವು ಬರುವುದು ಒಂದು ವಾರ, ಹತ್ತು ದಿನ ತಡವಾಗುತ್ತದೆ, ಅಷ್ಟೇ. ಮುಂದಿನ ದಸರಾಕ್ಕೆ ಬೇಕೆಂದರೆ ಜುಲೈನಲ್ಲೇ ಬಿತ್ತಿ. ಗೊಬ್ಬರ ಮಾತ್ರ ಸುಮ್ನೆ ಸುರಿಯಬೇಡಿ, ಸಾರಜನಕ ಜಾಸ್ತಿಯಾದರೆ ಬರೀ ಸೊಪ್ಪು.

ಟೊಮ್ಯಾಟೊ ಪಕ್ಕ ಇದನ್ನು ನೆಟ್ಟರೆ ಹುಳುವೇ ಬರುವುದಿಲ್ಲ ಎಂಬ ಮಾತು ಅರ್ಧ ನಿಜ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳುವುದು 16 ಸಾಲು ಟೊಮ್ಯಾಟೊಗೆ 1 ಸಾಲು ಚೆಂಡು ಹೂವು. ಕಾಯಿಕೊರಕದ ಪತಂಗ ಈ ಹೂವಿಗೆ ಮರುಳಾಗಿ ಇಲ್ಲೇ ಮೊಟ್ಟೆ ಇಡುತ್ತದೆ. ಅಂದರೆ ಹುಳು ಬರುತ್ತದೆ, ಆದರೆ ಹೂವಿಗೆ. ಬೇರಿನಲ್ಲಿ ಆಲ್ಫಾ ಟರ್ಥಿಯೆನೈಲ್ ಎಂಬ ವಸ್ತುವೂ ಇದೆ. ಬೇರಿಗೆ ಗಂಟು ಕಟ್ಟಿಸುವ, ಕಣ್ಣಿಗೆ ಕಾಣದ ಜಂತುಹುಳುಗಳಿಗೆ ಅದು ವಿಷ. ಆದರೆ ಮಡಿಯ ತುಂಬ ಒತ್ತಾಗಿ ಎರಡು ತಿಂಗಳಾದರೂ ಬೆಳೆಸಿದರೆ ಮಾತ್ರ ಅದರ ಫಲ. ಟೆರೇಸಿನ ಮೂಲೆಯಲ್ಲಿ ಒಂದೇ ಒಂದು ಗಿಡ ಇಟ್ಟು ಜಂತುಹುಳು ಹೋಯಿತು ಅಂದುಕೊಂಡರೆ ಆಗದು. ಆ ಒಂದು ಗಿಡ ಹೊಸಿಲಿಗೆ ಇಡಲು ದಿನಾ ಎರಡು ಹೂವು ಕೊಟ್ಟರೆ ನನಗೆ ಸಾಕು.