ಬೋಟು ಕಟ್ಟೋರು, ಓಡಿಸೋರು ಒಟ್ಟಿಗೆ ಹೊರಡೋದು: ಈ ಗುಂಪು ಕ್ರೂಸಿಂಗ್ ಎಲ್ಲಿಂದ ಬಂತು?

ಅಮೆರಿಕದಲ್ಲಿ 22ರಿಂದ 35 ಅಡಿ ಉದ್ದದ ಪವರ್‌ಬೋಟು ಕಟ್ಟೋ ಸಣ್ಣ ಕಂಪನಿಗಳಿವೆಯಲ್ಲ, ಅವು ತಮ್ಮ ಗಿರಾಕಿಗಳಿಗೆ ಕಳಿಸೋ ಸುದ್ದಿಪತ್ರದಲ್ಲಿ ಎರಡು ವಿಷಯ ಹೆಚ್ಚುಕಮ್ಮಿ ಇದ್ದೇ ಇರತ್ತೆ. ಒಂದು ಫ್ಯಾಕ್ಟರಿ ಸುದ್ದಿ, ಅಂದ್ರೆ ಹೊಸ ಮೋಲ್ಡ್ (ಬೋಟಿನ ಅಚ್ಚು) ರೆಡಿ ಆಯ್ತು, ಕಿಟಕಿ ಫ್ರೇಮ್ ಬದಲಾಯಿಸಿದ್ವಿ, ಹಳೇ ಬೋಟಿನವರು ಎಂಜಿನ್ ಹತ್ರ ಇರೋ ಈ ಹೋಸ್ ಒಂದ್ಸಲ ಬಿಚ್ಚಿ ನೋಡ್ಕೊಳ್ಳಿ ಅನ್ನೋ ತರದ್ದು. ಇನ್ನೊಂದು, ಈ ಬೇಸಿಗೆಗೆ ಎಲ್ರೂ ಸೇರಿ ಎಲ್ಲಿಗೆ ಹೋಗೋದು, ಯಾವ ಮರೀನಾದಲ್ಲಿ (ಬೋಟು ನಿಲ್ಲಿಸೋ ಕಟ್ಟೆಯಲ್ಲಿ) ಸೇರೋದು ಅನ್ನೋದು. ಇವೆರಡೂ ಒಂದೇ ಹಾಳೆಯಲ್ಲಿ ಯಾಕಿವೆ ಅಂತ ಕೇಳಿದ್ರೆ ತುಂಬಾ ಜನ "ಮಾರ್ಕೆಟಿಂಗ್ ಅಷ್ಟೇ" ಅಂತಾರೆ. ನಾನು ಒಪ್ಪಲ್ಲ. ಈ ಪ್ರವಾಸಗಳು ಸಣ್ಣ ಕಂಪನಿಗಳ ಜೀವ ಉಳಿಸಿವೆ, ಅವು ಕಟ್ಟೋ ಬೋಟುಗಳನ್ನ ತಿದ್ದಿವೆ ಕೂಡ, ಅದು ಹೇಗೆ ಅಂತ ಗೊತ್ತಾಗ್ಬೇಕಂದ್ರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗ್ಬೇಕು.

ಮೋಟಾರ್ ಬೋಟಿನವರು ಗುಂಪು ಕಟ್ಕೊಂಡು ಹೊರಡೋ ಅಭ್ಯಾಸ ಕಂಪನಿಗಳಿಂದ ಶುರುವಾಗಿದ್ದಲ್ಲ. 1912ರ ಹೊತ್ತಿಗೆ ಬೋಸ್ಟನ್ ಯಾಟ್ ಕ್ಲಬ್‌ನಲ್ಲಿ ಹಾಯಿದೋಣಿಯವರದ್ದೇ ದರ್ಬಾರು, ಮೋಟಾರ್ ಇಟ್ಕೊಂಡವರನ್ನ ಅಷ್ಟಾಗಿ ಯಾರೂ ಲೆಕ್ಕಕ್ಕೆ ತಗೊಳ್ತಿರಲಿಲ್ಲ. ಆಗ ರೋಜರ್ ಅಪ್ಟನ್ ಅನ್ನೋರು ಕ್ಲಬ್ಬಿನ ಮೋಟಾರ್ ಬೋಟಿನವರನ್ನೆಲ್ಲ ಒಟ್ಟುಮಾಡಿ, ಸಾಲಾಗಿ ಓಡಿಸೋದು, ಸಿಗ್ನಲ್ ಕೊಡೋದು, ದಾರಿ ಲೆಕ್ಕ ಹಾಕೋದು ಎಲ್ಲ ಕಲಿಸೋಕೆ ಶುರು ಮಾಡಿದ್ರು. 1914ರಲ್ಲಿ ಅದೇ ಯುನೈಟೆಡ್ ಸ್ಟೇಟ್ಸ್ ಪವರ್ ಸ್ಕ್ವಾಡ್ರನ್ಸ್ ಅನ್ನೋ ರಾಷ್ಟ್ರೀಯ ಸಂಸ್ಥೆ ಆಯ್ತು, ಈಗಲೂ ಇದೆ. ಅಲ್ಲಿ ಗುಂಪಾಗಿ ಹೋಗೋದು ಅಂದ್ರೆ ಕಲಿಕೆ, ಮೋಜು ಆಮೇಲೆ.

ಮರದ ಬೋಟಿನ ಕಾಲದಲ್ಲಿ ಕಟ್ಟೋರಿಗೂ ಕೊಳ್ಳೋರಿಗೂ ನಂಟು ಬೇರೆ ತರ ಇತ್ತು. ಮಿಶಿಗನ್‌ನ ಆಲ್ಗೊನಾಕ್‌ನ ಕ್ರಿಸ್-ಕ್ರಾಫ್ಟ್ ತರದ ದೊಡ್ಡ ಕಂಪನಿಗಳು ಡೀಲರ್‌ಗಳ ಮೂಲಕ ಮಾರ್ತಿದ್ವು, ಸಣ್ಣವರು ತಮ್ಮೂರಿನ ದಡದಲ್ಲೇ ಶೆಡ್ ಹಾಕ್ಕೊಂಡು ಅಕ್ಕಪಕ್ಕದವರಿಗೆ ಕಟ್ಟಿಕೊಡ್ತಿದ್ರು, ಏನಾದ್ರೂ ಸೋರಿದ್ರೆ ವಾಪಸ್ ಅದೇ ಶೆಡ್ಡಿಗೆ ಬರ್ತಿತ್ತು. ಹಾಗಾಗಿ ಸುದ್ದಿಪತ್ರದ ಅಗತ್ಯವೇ ಇರಲಿಲ್ಲ.

ಫೈಬರ್‌ಗ್ಲಾಸ್ ಬಂದ್ಮೇಲೆ ಇದೆಲ್ಲ ಬದಲಾಯ್ತು. ಎರಡನೇ ಮಹಾಯುದ್ಧದ ಸಮಯದಲ್ಲಿ ಹುಟ್ಟಿದ ಈ ವಿದ್ಯೆ 1950-60ರ ದಶಕದಲ್ಲಿ ಎಲ್ಲ ಕಡೆ ಹಬ್ಬಿತು. ಒಂದು ಮೋಲ್ಡ್ ಮಾಡಿಟ್ಕೊಂಡ್ರೆ ಸಾಕು, ರೆಸಿನ್, ಗಾಜಿನ ಬಟ್ಟೆ, ಕೆಲವೇ ಜನ ಕೆಲಸಗಾರರು ಇದ್ರೆ ಒಂದೇ ಅಚ್ಚಿನಲ್ಲಿ ಹಲ್ (ಬೋಟಿನ ಒಡಲು) ಮೇಲೆ ಹಲ್ ತೆಗೀಬಹುದು. ಸಣ್ಣ ಬಂಡವಾಳದವರೂ ಕಂಪನಿ ಶುರು ಮಾಡಿದ್ರು. ಅವರ ಬೋಟುಗಳು ಟ್ರೇಲರ್ ಮೇಲೆ ದೇಶದ ಮೂಲೆಮೂಲೆಗೂ ಹೋದ್ವು, ಕಟ್ಟಿದವನಿಗೆ ಕೊಂಡವನ ಮುಖನೂ ಗೊತ್ತಿಲ್ಲ ಅನ್ನೋ ಪರಿಸ್ಥಿತಿ ಬಂತು. ಇವತ್ತಿಗೂ ಈ ಸೈಜಿನ ಎಷ್ಟೋ ಬೋಟುಗಳ ಅಗಲ ಸರಿಯಾಗಿ 8 ಅಡಿ 6 ಇಂಚಿಗೆ ನಿಂತಿರತ್ತೆ. ಅಮೆರಿಕದಲ್ಲಿ ವಿಶೇಷ ಪರ್ಮಿಟ್ ಇಲ್ಲದೆ ರಸ್ತೆ ಮೇಲೆ ಎಳೆದೊಯ್ಯೋಕೆ ಸಾಮಾನ್ಯವಾಗಿ ಇರೋ ಮಿತಿ ಅದೇ.

ಆದ್ರೆ ಫೈಬರ್‌ಗ್ಲಾಸ್‌ಗೆ ಇನ್ನೊಂದು ಗುಣ ಇದೆ, ಇದು ಸಣ್ಣವರಿಗೆ ನಿಜವಾಗ್ಲೂ ಹೊಡೆತ ಕೊಟ್ಟಿದ್ದು. ಬೇರೆಯವರ ಬೋಟು ಒಂದನ್ನ ಕೊಂಡು, ಅದರ ಮೇಲೇ ಮೋಲ್ಡ್ ಎತ್ತಿ, ನಾಳೆಯಿಂದ ಅದೇ ಹಲ್ ನೀವೂ ಮಾಡಬಹುದು. ವರ್ಷಗಟ್ಟಲೆ ಯೋಚಿಸಿ, ನೀರಲ್ಲಿ ಓಡಿಸಿ ನೋಡಿ ತಿದ್ದಿದ ಆಕಾರ ಒಂದು ವಾರದಲ್ಲಿ ಕಳ್ಳತನ ಆಗ್ತಿತ್ತು. ಫ್ಲಾರಿಡಾ ರಾಜ್ಯ 1983ರಲ್ಲಿ ಇದನ್ನ ನಿಷೇಧಿಸಿ ಕಾನೂನು ತಂತು, ಬೊನಿಟೋ ಬೋಟ್ಸ್ ಅನ್ನೋ ಕಂಪನಿ ಥಂಡರ್ ಕ್ರಾಫ್ಟ್ ಬೋಟ್ಸ್ ಮೇಲೆ ಆ ಕಾನೂನಿನಡಿ ಕೇಸು ಹಾಕ್ತು, ಅದು ಸುಪ್ರೀಂ ಕೋರ್ಟ್ ತನಕ ಹೋಯ್ತು, 1989ರಲ್ಲಿ ಕೋರ್ಟು ಪೇಟೆಂಟ್ ಇಲ್ಲದ ಆಕಾರಕ್ಕೆ ಒಂದು ರಾಜ್ಯ ಈ ತರ ರಕ್ಷಣೆ ಕೊಡೋ ಹಾಗಿಲ್ಲ, ಅದು ಫೆಡರಲ್ ಪೇಟೆಂಟ್ ಕಾನೂನಿಗೆ ಅಡ್ಡ ಬರತ್ತೆ ಅಂತ ಹೇಳಿ ಫ್ಲಾರಿಡಾ ಕಾನೂನನ್ನೇ ಬದಿಗಿಟ್ಟಿತು. 1998ರಲ್ಲಿ ಅಮೆರಿಕದ ಸಂಸತ್ತು, ಅಂದ್ರೆ ಕಾಂಗ್ರೆಸ್ಸು, ಹಲ್ ವಿನ್ಯಾಸಕ್ಕೇ ಅಂತ ಬೇರೆ ಕಾನೂನು ಮಾಡೋ ತನಕ ಸಣ್ಣ ಕಂಪನಿಗೆ ತನ್ನದು ಅಂತ ಹೇಳ್ಕೊಳ್ಳೋಕೆ ಉಳಿದಿದ್ದು ಏನು? ಅದರ ಹೆಸರು, ಅದನ್ನ ನಂಬಿದ ಜನ. ಮಾಲೀಕರ ಕೂಟ, ಪ್ರವಾಸಕ್ಕೆಲ್ಲ ಕಂಪನಿಗಳು ಅಷ್ಟು ಸಮಯ ಕೊಟ್ಟಿದ್ದರ ಹಿಂದೆ ಇದೂ ಇದೆ ಅಂತ ನನಗನ್ಸತ್ತೆ, ಯಾಕಂದ್ರೆ ಹಲ್ ನಕಲು ಮಾಡಬಹುದು, ನಲವತ್ತು ಕುಟುಂಬಗಳ ಒಡನಾಟನ ಅಚ್ಚಲ್ಲಿ ಎತ್ತೋಕಾಗಲ್ಲ.

ಇದಕ್ಕಿಂತ ದೊಡ್ಡ ತಿರುವು ಪೆಟ್ರೋಲ್‌ನಿಂದ ಬಂತು. 1973ರ ತೈಲ ಬಿಕ್ಕಟ್ಟು, ಆಮೇಲೆ 1979ರದ್ದು. ವೇಗವಾಗಿ ಓಡೋ, ಗಂಟೆಗೆ ಹತ್ತಾರು ಗ್ಯಾಲನ್ ಕುಡಿಯೋ ಬೋಟುಗಳಿಗೆ ಗಿರಾಕಿ ಕಮ್ಮಿ ಆದ್ರು. ಆ ಹೊತ್ತಲ್ಲಿ, 1980ರ ಶುರುವಲ್ಲಿ, ಸಿಯಾಟಲ್ ಬೋಟ್ ಶೋನಲ್ಲಿ ನಾರ್ಡಿಕ್ ಟಗ್ ಅನ್ನೋ 26 ಅಡಿಯ ಪುಟ್ಟ ಬೋಟು ಬಂತು, ಲಿನ್ ಸೆನೋರ್ ವಿನ್ಯಾಸ, ಜೆರ್ರಿ ಹಸ್ಟೆಡ್ ಕಂಪನಿ. ದೊಡ್ಡ ಹಡಗು ಎಳೆಯೋ ಟಗ್ ಬೋಟಿನ ರೂಪ, ಸಣ್ಣ ಡೀಸೆಲ್ ಎಂಜಿನ್, ನಿಧಾನಕ್ಕೆ ಹೋಗತ್ತೆ, ಆದ್ರೆ ಇಂಧನ ಬಹಳ ಕಮ್ಮಿ. ಇಂಥ ಬೋಟಿನ ವೇಗಕ್ಕೆ ಒಂದು ಲೆಕ್ಕ ಇದೆ, ನೀರಿಗೆ ತಾಗೋ ಉದ್ದದ ವರ್ಗಮೂಲವನ್ನ 1.34ರಿಂದ ಗುಣಿಸಿದ್ರೆ ನಾಟ್‌ನಲ್ಲಿ ಅದರ ಸಹಜ ಗರಿಷ್ಠ ವೇಗ ಸಿಗತ್ತೆ. 25 ಅಡಿಗೆ ಸುಮಾರು 6.7 ನಾಟ್, ಅಂದ್ರೆ ಗಂಟೆಗೆ 12 ಕಿಲೋಮೀಟರು ಚಿಲ್ಲರೆ. ಅದಕ್ಕಿಂತ ಜಾಸ್ತಿ ಬೇಕಂದ್ರೆ ಬೋಟು ತಾನೇ ಎಬ್ಬಿಸಿದ ಅಲೆಯನ್ನ ಹತ್ತಬೇಕು, ಎಣ್ಣೆ ಸುರೀತಾ ಹೋಗ್ಬೇಕು.

ಗುಂಪು ಪ್ರವಾಸ ಕಂಪನಿಯ ಕೆಲಸ ಆಗಿದ್ದು ಇಂಥ ಬೋಟುಗಳಿಂದ. ಯೋಚನೆ ಮಾಡಿ, ಬೇರೆಬೇರೆ ತರದ ಹತ್ತು ಬೋಟು ಸೇರಿದ್ರೆ ಒಂದು 7 ನಾಟ್, ಇನ್ನೊಂದು 25 ನಾಟ್, ಒಂದರ ಟ್ಯಾಂಕು ಎರಡು ದಿನಕ್ಕೆ ಖಾಲಿ, ಇನ್ನೊಂದರದ್ದು ಎರಡು ವಾರಕ್ಕೆ, ಜೊತೆಯಾಗಿ ಹೋಗೋದಾದ್ರೂ ಹೇಗೆ? ಒಂದೇ ಕಂಪನಿಯ ಒಂದೇ ಮಾಡೆಲ್ ಆದ್ರೆ ವೇಗ ಒಂದೇ, ಟ್ಯಾಂಕು ಒಂದೇ, ಎಷ್ಟು ಆಳ ನೀರು ಬೇಕು ಅನ್ನೋದೂ ಒಂದೇ. ಒಬ್ಬನ ಹತ್ರ ಇರೋ ಇಂಪೆಲ್ಲರ್ (ಕೂಲಿಂಗ್ ನೀರು ತಳ್ಳೋ ಪುಟ್ಟ ಚಕ್ರ), ಬೆಲ್ಟು, ಫಿಲ್ಟರು ಇನ್ನೊಬ್ಬನ ಎಂಜಿನ್‌ಗೆ ಕೂರತ್ತೆ. ಕೂಲಿಂಗ್ ನೀರು ನಿಂತೋಗಿ ಎಂಜಿನ್ ಕಾದಾಗ, ಹತ್ತಿರದ ಅಂಗಡಿ ಎಂಬತ್ತು ಕಿಲೋಮೀಟರ್ ದೂರ ಇರೋ ಕಡೆ, ಇದು ಎಷ್ಟು ದೊಡ್ಡ ಧೈರ್ಯ ಅಂತ ಅನುಭವಿಸಿದವರಿಗೇ ಗೊತ್ತು.

ಪೆಸಿಫಿಕ್ ವಾಯವ್ಯದಲ್ಲಿ, ಅಂದ್ರೆ ಸಿಯಾಟಲ್ ಸುತ್ತಲಿನ ಕರಾವಳಿಯಲ್ಲಿ, ಇದು ಬೇರೂರಿದ್ದಕ್ಕೆ ಅಲ್ಲಿನ ನೀರೂ ಕಾರಣ. ಸಿಯಾಟಲ್‌ನಿಂದ ಅಲಾಸ್ಕಾದ ಕೆಚಿಕನ್ ತನಕ ಇನ್‌ಸೈಡ್ ಪ್ಯಾಸೇಜ್ ಅಂತ ದ್ವೀಪಗಳ ಮರೆಯಲ್ಲೇ ಹೋಗೋ ದಾರಿ ಇದೆ, ಸುಮಾರು ಸಾವಿರ ಕಿಲೋಮೀಟರು, ಕ್ವೀನ್ ಶಾರ್ಲೆಟ್ ಸೌಂಡ್, ಡಿಕ್ಸನ್ ಎಂಟ್ರೆನ್ಸ್ ತರದ ಕೆಲವೇ ಕಡೆ ಬಯಲು ಸಮುದ್ರ. ಆದ್ರೆ ಮಧ್ಯೆ ಇಕ್ಕಟ್ಟಾದ ಜಾಗಗಳಿವೆ, ಸೀಮೂರ್ ನ್ಯಾರೋಸ್‌ನಲ್ಲಿ ಉಬ್ಬರವಿಳಿತದ ಸೆಳವು 15 ನಾಟ್ ತನಕ ಏರತ್ತೆ. ಅಲ್ಲಿ ನೀರೊಳಗೆ ಇದ್ದ ರಿಪಲ್ ರಾಕ್ ಅನ್ನೋ ಬಂಡೆ ಎಷ್ಟೋ ಹಡಗು ಮುಳುಗಿಸಿತ್ತು, 1958ರ ಏಪ್ರಿಲ್ 5ರಂದು ಅದರ ಅಡಿಯಲ್ಲಿ ಸುರಂಗ ಕೊರೆದು ಸಾವಿರಕ್ಕೂ ಹೆಚ್ಚು ಟನ್ ಸ್ಫೋಟಕ ತುಂಬಿ ಹಾರಿಸಿದ್ರು. ಬಂಡೆಯ ತುದಿ ಹೋಯ್ತು, ಸೆಳವು ಹಾಗೇ ಇದೆ. 7 ನಾಟ್‌ನ ಬೋಟು ಅಲ್ಲಿಗೆ ತಪ್ಪು ಹೊತ್ತಲ್ಲಿ ಹೋದ್ರೆ ಎಂಜಿನ್ ಫುಲ್ ಕೊಟ್ರೂ ಹಿಂದಕ್ಕೇ ಹೋಗತ್ತೆ, ಹಾಗಾಗಿ ನೀರು ತಿರುಗೋ ಆ ಕೆಲವು ನಿಮಿಷಕ್ಕೆ ಕಾಯ್ಬೇಕು. ಹೊಸಬರು ಒಬ್ಬರೇ ಟೈಡ್ ಟೇಬಲ್ (ಉಬ್ಬರವಿಳಿತದ ವೇಳಾಪಟ್ಟಿ) ಓದಿ, ಬೇಸಿಗೆಯಲ್ಲಿ ಗಡಿಯಾರ ಮುಂದಿಡೋ ಒಂದು ಗಂಟೆ ವ್ಯತ್ಯಾಸ ಕೂಡಿಸೋದು ಮರೆತು ಎಡವಟ್ಟಾಗೋದಕ್ಕಿಂತ, ಆ ದಾರಿ ಗೊತ್ತಿರೋ ಮುಂದಾಳು ಬೋಟು ವಿಎಚ್‌ಎಫ್ ರೇಡಿಯೊದಲ್ಲಿ "ಈಗ ಹೊರಡಿ, ಒಬ್ಬೊಬ್ಬರೇ, ಅಂತರ ಇಟ್ಕೊಳ್ಳಿ, ಎಡಕ್ಕೆ ಮರದ ದಿಮ್ಮಿ ತೇಲ್ತಿದೆ" ಅಂತ ಹೇಳ್ತಾ ಹೋಗೋದು ಎಷ್ಟೋ ವಾಸಿ. ಫ್ಲಾರಿಡಾ ಕಡೆಯೂ ಇದೇ ಕತೆ, ಅಲ್ಲಿಂದ ಬಹಾಮಾಸ್‌ನ ಬಿಮಿನಿ ಬರೀ 50 ನಾಟಿಕಲ್ ಮೈಲಿ, ಆದ್ರೆ ಮಧ್ಯೆ ಗಲ್ಫ್ ಸ್ಟ್ರೀಮ್ ಅನ್ನೋ ಸಮುದ್ರದ ದೊಡ್ಡ ಸೆಳವು ಉತ್ತರಕ್ಕೆ ಹರೀತಿರತ್ತೆ, ಉತ್ತರದ ಗಾಳಿ ಅದಕ್ಕೆ ಎದುರಾದ್ರೆ ಅಲೆ ಗೋಡೆ ತರ ಎದ್ದು ನಿಲ್ಲತ್ತೆ. ಮೊದಲ ಸಲ ದಾಟೋರು ಗುಂಪು ಹುಡುಕೋದು ಇದಕ್ಕೇ.

ಈಗ ಕಂಪನಿಗೆ ಇದರಿಂದ ಏನು ಸಿಗತ್ತೆ ಅಂತ ನೋಡೋಣ. ದೊಡ್ಡ ಕಂಪನಿ ಹತ್ರ ಟೆಸ್ಟ್ ಮಾಡೋ ವಿಭಾಗ, ಬೇರೆ ಎಂಜಿನಿಯರುಗಳು ಎಲ್ಲ ಇರ್ತಾರೆ, ವರ್ಷಕ್ಕೆ ಕೆಲವೇ ಬೋಟು ಕಟ್ಟೋನಿಗೆ ಅದ್ಯಾವುದೂ ಇಲ್ಲ. ಒಂದು ವಾರ ಹದಿನೈದು ಬೋಟಿನ ಜೊತೆ ಮಳೆಯಲ್ಲಿ, ಅಲೆಯಲ್ಲಿ ಇದ್ರೆ ಯಾವ ಹ್ಯಾಚ್ (ಬೋಟಿನ ಮೇಲ್ಭಾಗದ ಮುಚ್ಚಳ) ಸೋರತ್ತೆ, ಯಾವ ಬಾಗಿಲ ಚಿಲಕ ತಾನಾಗೇ ಬಿಚ್ಕೊಳ್ಳತ್ತೆ, ತಳದಲ್ಲಿ ಸೇರಿದ ನೀರು ಹೊರಹಾಕೋ ಬಿಲ್ಜ್ ಪಂಪಿನ ವೈರು ಎಲ್ಲಿ ತುಕ್ಕು ಹಿಡೀತಿದೆ ಅನ್ನೋದೆಲ್ಲ ಕಣ್ಣಿಗೆ ಬೀಳತ್ತೆ. ಒಬ್ಬನ ದೂರಾದ್ರೆ ಅವನು ಸರಿಯಾಗಿ ನೋಡ್ಕೊಂಡಿಲ್ಲ ಅನ್ನಬಹುದು, ಆರು ಬೋಟಲ್ಲಿ ಒಂದೇ ಜಾಗ ಸೋರಿದ್ರೆ ಅದು ಕಟ್ಟಿದವನ ತಪ್ಪು. ಲಂಗರು ಹಾಕಿ ಬೋಟುಗಳನ್ನ ಒಂದಕ್ಕೊಂದು ಕಟ್ಟಿದ ಸಂಜೆ ಒಬ್ಬರ ಬೋಟಿಗೆ ಇನ್ನೊಬ್ಬರು ಹತ್ತಿ, ನೆಲದ ಹಲಗೆ ಎತ್ತಿ, ಟಾರ್ಚ್ ಹಾಕಿ ನೋಡ್ತಾರಲ್ಲ, ಮುಂದಿನ ವರ್ಷದ ಮಾಡೆಲ್ಲಿನ ಬದಲಾವಣೆಗಳು ಶುರುವಾಗೋದು ಅಲ್ಲಿಂದ. ಸುದ್ದಿಪತ್ರದಲ್ಲಿ ಬರೋ "ಹೋಸ್ ಚೆಕ್ ಮಾಡ್ಕೊಳ್ಳಿ" ಕೂಡ ಅಲ್ಲಿಂದಲೇ.

ಇದರ ದೊಡ್ಡ ಉದಾಹರಣೆ ಅಂದ್ರೆ 2004ರ ನಾರ್ಡ್‌ಹಾವ್ನ್ ಅಟ್ಲಾಂಟಿಕ್ ರ್‍ಯಾಲಿ. ನಾರ್ಡ್‌ಹಾವ್ನ್ ಅನ್ನೋ ಆ ಬೋಟುಗಳು ಸಣ್ಣವಲ್ಲ, ಬೆಲೆಯೂ ಸಣ್ಣದಲ್ಲ, ಆದ್ರೆ ಕ್ಯಾಲಿಫೋರ್ನಿಯಾದ ಡೇನಾ ಪಾಯಿಂಟ್‌ನ ಕಂಪನಿಯೇ ಮುಂದೆ ನಿಂತು 18 ಬೋಟಿನ ಗುಂಪನ್ನ ಫೋರ್ಟ್ ಲಾಡರ್‌ಡೇಲ್‌ನಿಂದ ಬರ್ಮುಡಾ, ಅಜೋರ್ಸ್ ಮೇಲೆ ಜಿಬ್ರಾಲ್ಟರ್ ತನಕ ಕರ್ಕೊಂಡು ಹೋಯ್ತು, ಕಂಪನಿಯ ಜನ ಎಸ್ಕಾರ್ಟ್ ಬೋಟಲ್ಲಿ ಜೊತೆಗೇ ಇದ್ರು. ಸಮುದ್ರದ ಮಧ್ಯೆ ಸ್ಟೆಬಿಲೈಜರ್ (ಬೋಟು ಹೊಯ್ದಾಡದಂತೆ ತಡೆಯೋ ಸಾಧನ) ಕೈ ಕೊಟ್ಟಾಗ ರಿಪೇರಿ ಮಾಡ್ಕೊಂಡು ಮುಂದೆ ಹೋದ್ರು. ತಾನು ಕಟ್ಟಿದ್ದರ ಮೇಲೆ ಇಷ್ಟು ನಂಬಿಕೆ ಇಟ್ಟು ತಾನೇ ಹೊರಟಿದ್ದು ನೋಡಿ ನನಗೆ ಇವತ್ತಿಗೂ ಗೌರವ.

ಕಷ್ಟಕಾಲದಲ್ಲಿ ಕಂಪನಿಗಳ ಕೈ ಹಿಡಿದಿದ್ದು ಪ್ರವಾಸಕ್ಕೆ ಬರೋ ಈ ಹಳೇ ಗಿರಾಕಿಗಳೇ. 1990ರ ಬಜೆಟ್ ಕಾನೂನಲ್ಲಿ ಒಂದು ಲಕ್ಷ ಡಾಲರ್ ಮೇಲ್ಪಟ್ಟ ಬೋಟುಗಳಿಗೆ, ಆ ಲಕ್ಷ ದಾಟಿದ ಮೊತ್ತಕ್ಕೆ 10 ಪರ್ಸೆಂಟ್ ಐಷಾರಾಮಿ ತೆರಿಗೆ ಹಾಕಿದ್ರು, 1991ರಿಂದ ಜಾರಿ, ಆಗಲೇ ಆರ್ಥಿಕತೆ ಕುಸಿದಿತ್ತು, ಶ್ರೀಮಂತರು ಕೊಳ್ಳೋದು ನಿಲ್ಲಿಸಿದ್ರು, ಕೆಲಸ ಕಳ್ಕೊಂಡವರು ಫೈಬರ್‌ಗ್ಲಾಸ್ ಪದರ ಹಾಕೋ ಕೆಲಸಗಾರರು, ಬಡಗಿಗಳು. 1993ರಲ್ಲಿ ತೆರಿಗೆ ತೆಗೆದ್ರು, ಅಷ್ಟರಲ್ಲಿ ಬೋಟು ಕಟ್ಟೋ ಎಷ್ಟೋ ಕಾರ್ಖಾನೆಗಳು ಮುಚ್ಚಿದ್ವು. ಮತ್ತೆ 2008ರ ಹೊಡೆತ, 2009ರಲ್ಲಿ ಜೆನ್ಮಾರ್ ತರದ ದೈತ್ಯ ಬೋಟು ಕಂಪನಿಯೇ ದಿವಾಳಿ ಅರ್ಜಿ ಹಾಕ್ತು. ಇಂಥ ವರ್ಷಗಳಲ್ಲಿ ಹೊಸ ಗಿರಾಕಿ ಬರಲ್ಲ, ಬರೋದು ಹಳಬರು, ತಮ್ಮ 22 ಅಡಿ ಕೊಟ್ಟು 27 ಅಡಿ ತಗೊಳ್ಳೋಣ ಅಂತ, ಇಲ್ಲ ರಿಪೇರಿಗೆ, ಹೊಸ ಎಂಜಿನ್ ಕೂರಿಸೋಕೆ.

ಇದರಲ್ಲಿ ಕಾನೂನಿನ ಎಳೆಯೂ ಒಂದಿದೆ, ಇದನ್ನ ಹೆಚ್ಚು ಜನ ಗಮನಿಸಲ್ಲ. 1971ರ ಫೆಡರಲ್ ಬೋಟ್ ಸೇಫ್ಟಿ ಕಾಯ್ದೆ ಬಂದ್ಮೇಲೆ ಪ್ರತಿ ಹಲ್‌ಗೂ 12 ಅಕ್ಷರ-ಅಂಕಿಗಳ ಗುರುತು, ಸುರಕ್ಷತೆಯ ದೋಷ ಕಂಡ್ರೆ ಕಂಪನಿ ಮೊದಲ ಖರೀದಿದಾರನಿಗೆ ತಿಳಿಸಲೇಬೇಕು. ಆದ್ರೆ ಬೋಟು ಮೂವತ್ತು ವರ್ಷ ಬಾಳತ್ತೆ, ನಾಲ್ಕು ಕೈ ಬದಲಾಗತ್ತೆ, ನಾಲ್ಕನೇ ಮಾಲೀಕ ಯಾರು ಅಂತ ಫ್ಯಾಕ್ಟರಿಗೆ ಗೊತ್ತಾಗೋದು ಅವನು ಪ್ರವಾಸಕ್ಕೆ ಹೆಸರು ಕೊಟ್ಟಾಗ. ಸೆಕೆಂಡ್ ಹ್ಯಾಂಡ್ ಕೊಂಡವರು ಕೂಡ್ಲೇ ಹಲ್ ನಂಬರ್ ಕೊಟ್ಟು ಕಂಪನಿಯ ಮಾಲೀಕರ ಪಟ್ಟಿಗೆ (ಯಾವ ಬೋಟು ಯಾರದ್ದು ಅನ್ನೋ ಪಟ್ಟಿಗೆ) ಸೇರ್ಕೊಳ್ಳಿ ಅಂತ ನಾನು ಒತ್ತಿ ಹೇಳ್ತೀನಿ, ಪ್ರವಾಸಕ್ಕೆ ಹೋಗದಿದ್ರೂ ಪರವಾಗಿಲ್ಲ. ಗುಂಪಲ್ಲಿದ್ರೂ ಪ್ರತಿ ಬೋಟಿನ ಜವಾಬ್ದಾರಿ ಅದರ ಚಾಲಕನದ್ದೇ ಅನ್ನೋದೂ ನೆನಪಿರಲಿ, ಮುಂದಾಳು ಹೊರಟ ಅಂತ ನಿಮಗೆ ಸರಿ ಅನ್ನಿಸದ ಹವೆಯಲ್ಲಿ ಹೊರಡಬೇಕಿಲ್ಲ.

ಈಗಿನ ಸಮಸ್ಯೆ ಬೇರೆ. ಬೋಟಿನ ಹಿಂಬದಿಗೆ ಹೊರಗಿಂದ ಕೂರಿಸೋ ಔಟ್‌ಬೋರ್ಡ್ ಎಂಜಿನ್‌ಗಳು ದೊಡ್ಡವಾದ್ವು, ನಂಬಿಕೆಗೆ ಅರ್ಹವಾದ್ವು, ನಿಧಾನದ ಡೀಸೆಲ್ ಟಗ್ ಕಟ್ಟಿ ಹೆಸರು ಮಾಡಿದ ಕಂಪನಿಗಳೂ ಈಗ 30 ನಾಟ್ ದಾಟೋ ಬೋಟು ಮಾಡ್ತಿವೆ. ಒಂದೇ ಲೋಗೋ ಇರೋ ಎರಡು ಬೋಟು ಬೆಳಿಗ್ಗೆ ಒಟ್ಟಿಗೆ ಹೊರಟ್ರೆ ಒಂದು ಬೋಟು ಎರಡೇ ಗಂಟೆಯಲ್ಲಿ ತಲುಪತ್ತೆ, ಇನ್ನೊಂದು ಸಂಜೆಗೆ. ಎಲ್ಲದಕ್ಕೂ ಆಧಾರವಾಗಿದ್ದ ಆ "ಒಂದೇ ವೇಗ" ಹೋಯ್ತು. ಹಾಗಾಗಿ ಜೊತೆಯಲ್ಲಿ ಓಡೋದಕ್ಕಿಂತ, ವಾಷಿಂಗ್ಟನ್ ರಾಜ್ಯದ ರೋಶ್ ಹಾರ್ಬರ್‌ನಲ್ಲಿ ರೇಂಜರ್ ಟಗ್ಸ್‌ನವರು ಸೇರ್ತಾರಲ್ಲ, ಆ ತರ ಒಂದು ಕಡೆ ಸೇರೋ ಕೂಟಗಳಿಗೆ ಹೆಚ್ಚು ಒತ್ತು. ಅದೂ ಒಳ್ಳೇದೇ, ಪಾಠ ಇರತ್ತೆ, ಮೆಕ್ಯಾನಿಕ್ಕುಗಳು ಬಂದು ಎಂಜಿನ್ ನೋಡ್ತಾರೆ. ಆದ್ರೆ ಕಟ್ಟೆಗೆ ಕಟ್ಟಿದ ಬೋಟಲ್ಲಿ ಹ್ಯಾಚ್ ಸೋರೋದು ಗೊತ್ತಾಗಲ್ಲ. ದಾರಿ ಪ್ರವಾಸ ಇಟ್ಕೊಂಡ ಕೆಲವು ಗುಂಪುಗಳು ನಿಧಾನದವರನ್ನ ಮುಂಜಾನೆ ಬೇಗ ಕಳಿಸಿ ವೇಗದವರನ್ನ ತಡವಾಗಿ ಬಿಡ್ತಾರೆ, ಸಂಜೆ ಒಂದೇ ಕೊಲ್ಲಿಯಲ್ಲಿ ಲಂಗರು. ಹಾಗೆ ಮಾಡೋದಾದ್ರೆ ಕಂಪನಿಯವರು ಮುಂಜಾನೆ ಹೊರಡೋ ಗುಂಪಿನ ಜೊತೆ ಹೋಗ್ಬೇಕು ಅನ್ನೋದು ನನ್ನ ಒತ್ತಾಯ, ಹಳೇ ಬೋಟುಗಳಿರೋದು ಅಲ್ಲಿ, ಇಪ್ಪತ್ತು ವರ್ಷ ಆದ್ಮೇಲೆ ತಮ್ಮ ಕೆಲಸ ಹೇಗಿದೆ ಅಂತ ನೋಡೋಕೆ ಸಿಗೋದೂ ಅಲ್ಲೇ.