ಹಲ್ಲು ಕಿತ್ತ ನಾಗರಹಾವನ್ನು ಮನೆಯಲ್ಲಿ ಸಾಕಬಹುದೇ?

ಪ್ರಶ್ನೆ: ಹಾವಾಡಿಗರೊಬ್ಬರು ವಿಷದ ಹಲ್ಲು ಕಿತ್ತ ನಾಗರಹಾವೊಂದನ್ನು ಕೊಡುವುದಾಗಿ ಹೇಳುತ್ತಿದ್ದಾರೆ. ಹಾವುಗಳ ಬಗ್ಗೆ ನಾನು ಸಾಕಷ್ಟು ಓದಿಕೊಂಡಿದ್ದೇನೆ, ಗಾಜಿನ ಪೆಟ್ಟಿಗೆಯನ್ನೂ ಮಾಡಿಸಿದ್ದೇನೆ. ಹಲ್ಲೇ ಇಲ್ಲದ ಮೇಲೆ ಅಪಾಯವಿಲ್ಲವಲ್ಲ; ಸಾಕಲು ಅನುಮತಿಯನ್ನು ಎಲ್ಲಿ ಪಡೆಯಬೇಕು?

ಉತ್ತರ: ಸಾಕುವಂತಿಲ್ಲ. ಅಂಥ ಅನುಮತಿ ಎಲ್ಲಿಯೂ ಸಿಗುವುದಿಲ್ಲ, ಹಲ್ಲಿಲ್ಲವೆಂಬ ಮಾತ್ರಕ್ಕೆ ಅಪಾಯ ತಪ್ಪುವುದೂ ಇಲ್ಲ. ನಾಗರಪಂಚಮಿ ಹತ್ತಿರವಾದಂತೆ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಚುಟುಕಾಗಿ ಉತ್ತರಿಸಿದಷ್ಟೂ "ಆದರೆ ಹಲ್ಲು ಕಿತ್ತಿದ್ದಾರಲ್ಲ" ಎಂಬ ಮರುಪ್ರಶ್ನೆ ತಪ್ಪದೆ ಬರುವುದರಿಂದ, ಈ ಸಲ ವಿವರವಾಗಿಯೇ ಬರೆದು, ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳುಹಿಸುವುದೆಂದು ನಿರ್ಧರಿಸಿದ್ದೇನೆ.

ಮೊದಲು ಕಾನೂನನ್ನು ಮುಗಿಸಿಬಿಡೋಣ, ಏಕೆಂದರೆ ಅಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ನಂತರ ನಾಗರಹಾವು, ಕೊಳಕುಮಂಡಲ ಮತ್ತು ಕಾಳಿಂಗ ಸರ್ಪಗಳು ಮೊದಲನೆಯ ಅನುಸೂಚಿಯಲ್ಲಿವೆ. ಎಂದರೆ, ಹುಲಿ ಮತ್ತು ಆನೆಗಳಿಗೆ ಇರುವ ರಕ್ಷಣೆಯೇ ಇವುಗಳಿಗೂ ಇದೆ. ಈ ಕಾಯ್ದೆಯ ಪ್ರಕಾರ ಕೊಲ್ಲುವುದು ಮಾತ್ರ ಬೇಟೆಯಲ್ಲ: ಹಿಡಿಯುವುದು, ಬೋನಿಗೆ ಬೀಳಿಸುವುದು, ಗಾಯಗೊಳಿಸುವುದು, ದೇಹದ ಯಾವುದೇ ಭಾಗವನ್ನು ತೆಗೆಯುವುದು, ಮೊಟ್ಟೆಗಳಿಗೆ ಹಾನಿ ಮಾಡುವುದು ಎಲ್ಲವೂ ಬೇಟೆಯೇ. ಆದ್ದರಿಂದ ಹಲ್ಲು ಕೀಳುವ ಕೆಲಸವೇ ಒಂದು ಅಪರಾಧ, ಆ ಹಾವನ್ನು ಕೊಳ್ಳುವುದು ಇನ್ನೊಂದು, ಮನೆಯಲ್ಲಿ ಇಟ್ಟುಕೊಳ್ಳುವುದು ಮತ್ತೊಂದು. ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಹಿಡಿದ ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸವಿದೆ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. "ನಮ್ಮ ತೋಟದಲ್ಲೇ ಸಿಕ್ಕ ಹಾವು" ಎಂಬ ವಾದವೂ ನಿಲ್ಲುವುದಿಲ್ಲ. ತೋಟ ನಿಮ್ಮದಿರಬಹುದು, ಅಕ್ರಮವಾಗಿ ಹಿಡಿದ ವನ್ಯಜೀವಿ ಸರ್ಕಾರದ ಸ್ವತ್ತು.

ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಬಹುದಾದ ಸಂದರ್ಭಗಳಿವೆ: ಶಿಕ್ಷಣ, ವೈಜ್ಞಾನಿಕ ಸಂಶೋಧನೆ, ಜೀವರಕ್ಷಕ ಔಷಧಕ್ಕಾಗಿ ವಿಷ ಸಂಗ್ರಹ ಮುಂತಾದವು. ಹವ್ಯಾಸ ಆ ಪಟ್ಟಿಯಲ್ಲಿಲ್ಲ. ಅನುಮತಿ ಪಡೆದವರ ಕೆಲಸ ಹೇಗಿರುತ್ತದೆಂದು ತಿಳಿಯಬೇಕಾದರೆ ಚೆನ್ನೈ ಸಮೀಪದ ವಡನೆಮ್ಮೇಲಿಯಲ್ಲಿ 1978ರಿಂದ ನಡೆಯುತ್ತಿರುವ, ಇರುಳ ಬುಡಕಟ್ಟಿನವರ ಸಹಕಾರ ಸಂಘವನ್ನು ನೋಡಬೇಕು. ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಮಡಕೆಗಳಲ್ಲಿ ಹಾವುಗಳನ್ನು ಇರಿಸಿ, ಸುಮಾರು ನಾಲ್ಕು ವಾರಗಳ ಅವಧಿಯಲ್ಲಿ ಕೆಲವೇ ಬಾರಿ ವಿಷ ತೆಗೆದು, ಅದೇ ಹಾವು ಬೇಗನೆ ಮತ್ತೆ ಬಾರದಂತೆ ಹೊಟ್ಟೆಯ ಹುರುಪೆಯ ಅಂಚನ್ನು ತುಸು ಕತ್ತರಿಸಿ ಗುರುತು ಮಾಡಿ, ಕಾಡಿಗೆ ಬಿಟ್ಟುಬಿಡುತ್ತಾರೆ. ಹಾವು ಹಿಡಿಯುವುದರಲ್ಲಿ ತಲೆಮಾರುಗಳ ಪರಿಣತಿಯಿರುವ ಇರುಳರಿಗೇ ಇಷ್ಟು ಕಟ್ಟುಪಾಡು ಇರುವಾಗ, ಗಾಜಿನ ಪೆಟ್ಟಿಗೆ ಮಾಡಿಸಿದವರಿಗೆ ವಿನಾಯಿತಿ ಸಿಗುವ ಪ್ರಶ್ನೆಯೇ ಇಲ್ಲ.

ಈಗ ಹಲ್ಲಿನ ವಿಷಯ. ನಾಗರಹಾವಿನ ಮೇಲ್ದವಡೆಯ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದರಂತೆ ಕೆಲವೇ ಮಿಲಿಮೀಟರ್ ಉದ್ದದ ವಿಷದ ಹಲ್ಲುಗಳಿರುತ್ತವೆ. ಆದರೆ ಪ್ರತಿ ಬದಿಯಲ್ಲೂ ಹಲ್ಲು ಕೂರುವ ಗುಳಿಗಳು ಒಂದಲ್ಲ, ಪಕ್ಕಪಕ್ಕದಲ್ಲಿ ಎರಡು. ಒಂದರಲ್ಲಿ ಸದ್ಯ ಬಳಕೆಯಲ್ಲಿರುವ ಹಲ್ಲಿದ್ದರೆ, ಇನ್ನೊಂದು ಅದರ ನಂತರ ಬರುವ ಹಲ್ಲಿಗೆ ಮೀಸಲು. ಅವುಗಳ ಹಿಂದೆ, ವಸಡಿನ ಮಡಿಕೆಯೊಳಗೆ, ಬೆಳವಣಿಗೆಯ ಬೇರೆ ಬೇರೆ ಹಂತಗಳಲ್ಲಿರುವ ಹಲ್ಲುಗಳು ಸರದಿಯಲ್ಲಿ ಕಾದಿರುತ್ತವೆ. ಯಾರೂ ಕೀಳದಿದ್ದರೂ ಹಾವು ತನ್ನ ಸವೆದ ಹಲ್ಲನ್ನು ಜೀವನಪೂರ್ತಿ ಆಗಾಗ ಉದುರಿಸುತ್ತಲೇ ಇರುತ್ತದೆ, ಪಕ್ಕದ ಗುಳಿಗೆ ಹೊಸದು ಬಂದು ಕೂರುತ್ತದೆ. ಹಳೆಯದು ಬೀಳುವ ಮುನ್ನವೇ ಹೊಸದು ಬಂದಿದ್ದರೆ ಒಂದೇ ಬದಿಯಲ್ಲಿ ಎರಡು ವಿಷದ ಹಲ್ಲುಗಳಿರುತ್ತವೆ; ಕಡಿತದ ಜಾಗದಲ್ಲಿ ಮೂರು ಅಥವಾ ನಾಲ್ಕು ಚುಕ್ಕೆಗಳು ಕಾಣುವುದಕ್ಕೆ ಇದೂ ಒಂದು ಕಾರಣ. "ಎರಡೇ ಚುಕ್ಕೆಯಿಲ್ಲ, ಆದ್ದರಿಂದ ಇದು ವಿಷದ ಹಾವಲ್ಲ" ಎಂದು ತೀರ್ಪು ಕೊಡುವ ಪಂಡಿತರಿಗೂ ಈ ಮಾತು ಅನ್ವಯಿಸುತ್ತದೆ.

ಹಾವಾಡಿಗರು ಇಕ್ಕಳದಿಂದ ಕಿತ್ತಿದ್ದು ಆ ದಿನ ಹೊರಗೆ ಕಾಣುತ್ತಿದ್ದ ಹಲ್ಲನ್ನು ಮಾತ್ರ. ಸರದಿಯಲ್ಲಿರುವುದು ಕೆಲವು ದಿನಗಳಲ್ಲಿಯೋ ವಾರಗಳಲ್ಲಿಯೋ ಆ ಜಾಗಕ್ಕೆ ಬಂದು ನಿಲ್ಲುತ್ತದೆ. ಇದು ಹಾವಾಡಿಗರಿಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ಅವರು ಮತ್ತೆ ಮತ್ತೆ ಹಾವಿನ ಬಾಯಿ ತೆರೆಸಿ ನೋಡುತ್ತಾರೆ, ಮತ್ತೆ ಮತ್ತೆ ಕೀಳುತ್ತಾರೆ, ಕೆಲವರು ಬಾಯಿಯನ್ನೇ ಹೊಲಿದುಬಿಡುತ್ತಾರೆ. ಗೊತ್ತಿಲ್ಲದಿರುವುದು ಹಾವನ್ನು ಕೊಂಡವರಿಗೆ. ಅವರು ಕೊಂಡ ದಿನದ ಬಾಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ತಿಂಗಳ ಹಾವನ್ನು ಕೈಗೆ ತೆಗೆದುಕೊಳ್ಳುತ್ತಾರೆ.

ಇನ್ನು, ವಿಷ ಉತ್ಪತ್ತಿಯಾಗುವುದು ಹಲ್ಲಿನಲ್ಲಲ್ಲ, ಕಣ್ಣಿನ ಹಿಂಭಾಗದಲ್ಲಿರುವ ಗ್ರಂಥಿಯಲ್ಲಿ. ನಲ್ಲಿಯ ಮೂತಿ ಮುರಿದರೆ ಮೇಲಿನ ಟ್ಯಾಂಕ್ ಬರಿದಾಗುವುದಿಲ್ಲ. ಹಲ್ಲು ಕಿತ್ತ ಹಾವಿನಲ್ಲಿಯೂ ಗ್ರಂಥಿ ಎಂದಿನಂತೆ ವಿಷವನ್ನು ತಯಾರಿಸುತ್ತದೆ, ಸುತ್ತಲಿನ ಸ್ನಾಯು ಎಂದಿನಂತೆ ಅದನ್ನು ಹಿಂಡುತ್ತದೆ, ನಾಳದ ಮೂಲಕ ವಿಷ ಬಾಯಿಗೆ ಬರುತ್ತದೆ. ಹಾವಿನ ಬಾಯಲ್ಲಿ ವಿಷದ ಹಲ್ಲುಗಳಲ್ಲದೆ ಕೆಳದವಡೆಯಲ್ಲಿಯೂ ಅಂಗುಳಿನಲ್ಲಿಯೂ ಸೂಜಿಯಂಥ ಸಣ್ಣ ಹಲ್ಲುಗಳ ಸಾಲುಗಳಿವೆ. ನಾಗರಹಾವಿಗೆ ಕಚ್ಚಿದ್ದನ್ನು ಬಿಡದೆ ಜಗಿಯುವ ಅಭ್ಯಾಸವೂ ಉಂಟು. ಹೀಗೆ ಜಗಿದಾಗ ಆದ ಗೀರುಗಳಿಗೆ, ಅಥವಾ ನಿಮ್ಮ ಬೆರಳಿನ ಹಳೆಯ ಗಾಯಕ್ಕೆ, ಬಾಯಲ್ಲಿ ಒಸರಿದ ವಿಷ ತಾಗಬಹುದು.

ಇಷ್ಟು ಹೇಳಿದಾಗ ಸ್ವಲ್ಪ ಓದಿಕೊಂಡವರು, "ಹಾಗಾದರೆ ಶಸ್ತ್ರಚಿಕಿತ್ಸೆ ಮಾಡಿಸಿ ಗ್ರಂಥಿಯನ್ನೇ ತೆಗೆಸಿದರೆ?" ಎಂದು ಕೇಳುತ್ತಾರೆ. ವಿದೇಶಗಳಲ್ಲಿ ಕೆಲವರು ಹೀಗೆ ಮಾಡಿಸುತ್ತಾರೆ, ಅಲ್ಲಿಯ ಪಶುವೈದ್ಯರಲ್ಲಿಯೇ ಅನೇಕರು ಇದನ್ನು ಕ್ರೌರ್ಯವೆಂದು ಖಂಡಿಸುತ್ತಾರೆ. ಗ್ರಂಥಿಯ ತುಣುಕು ಉಳಿದು ಅಥವಾ ನಾಳ ಮತ್ತೆ ಕೂಡಿಕೊಂಡು, ವಿಷವಿಲ್ಲವೆಂದು ನಂಬಿದ್ದ ಹಾವಿನಿಂದಲೇ ವಿಷವೇರಿದ ಪ್ರಸಂಗಗಳಿವೆ. ನಮ್ಮಲ್ಲಂತೂ ಸಂರಕ್ಷಿತ ಪ್ರಾಣಿಯ ಅಂಗವನ್ನು ನಿಮ್ಮ ಅನುಕೂಲಕ್ಕಾಗಿ ಕತ್ತರಿಸಲು ಯಾವ ಪಶುವೈದ್ಯರಿಗೂ ಅಧಿಕಾರವಿಲ್ಲ.

"ಇಷ್ಟು ದಿನ ಕಚ್ಚಿಲ್ಲ, ನನ್ನನ್ನು ಗುರುತಿಸುತ್ತದೆ" ಎಂಬ ಸಮರ್ಥನೆಯೂ ಇದೇ ಕುಟುಂಬಕ್ಕೆ ಸೇರಿದ್ದು. ಹಲ್ಲು ಕಿತ್ತ ಹಾವು ಸೌಮ್ಯವಾಗಿ ಕಾಣುವುದಕ್ಕೆ ಪ್ರೀತಿ ಕಾರಣವಲ್ಲ. ಕಿತ್ತ ಜಾಗದಲ್ಲಿ ಕೀವಾಗಿರುತ್ತದೆ, ನೋವಿನಿಂದ ಬೇಟೆ ಹಿಡಿಯಲಾಗದೆ ಅದು ಹಸಿದು ನಿತ್ರಾಣವಾಗಿರುತ್ತದೆ. ನೀರಿಲ್ಲದೆ ಒಣಗಿದ ಹಾವು ಹಾಲನ್ನೂ ಕುಡಿಯುತ್ತದೆ, ಅದನ್ನು ನಾವು ಪವಾಡವೆಂದು ಕೈಮುಗಿಯುತ್ತೇವೆ. ಹೀಗೆ ಬುಟ್ಟಿ ಸೇರಿದ ಹಾವುಗಳಲ್ಲಿ ಹೆಚ್ಚಿನವು ಬಹುಕಾಲ ಬದುಕುವುದಿಲ್ಲ. ಆರೈಕೆಯಿಂದ ಚೇತರಿಸಿಕೊಂಡರೆ, ಹಲ್ಲೂ ಹಸಿವೂ ಒಟ್ಟಿಗೇ ಮರಳುತ್ತವೆ. ಸಾಕಿದವರಿಗೆ ಕಡಿತವಾಗುವುದು ಬಹುಪಾಲು ಪೆಟ್ಟಿಗೆ ಶುಚಿಮಾಡುವಾಗ, ನೀರಿನ ಬಟ್ಟಲು ಬದಲಾಯಿಸುವಾಗ, ಇಲಿಯನ್ನು ಹಿಡಿದ ಕೈಯನ್ನು ತೊಳೆಯದೆ ಒಳಗೆ ಚಾಚಿದಾಗ. ಇಲಿಯ ವಾಸನೆ ಬರುವ ಕೈ ಹಾವಿನ ಪಾಲಿಗೆ ಯಜಮಾನನ ಕೈಯಲ್ಲ, ಆಹಾರ.

ಕಡಿದರೆ ಚುಚ್ಚುಮದ್ದು ಇದೆಯಲ್ಲ ಎಂಬುದು ಕೊನೆಯ ಆಸರೆ. ಇದೆ, ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಇದೆ. ನಮ್ಮ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳಿಗೆ ತಯಾರಾದದ್ದು. ಅದರ ಒಂದು ಮಿಲಿಲೀಟರ್ ನಾಗರಹಾವಿನ 0.6 ಮಿಲಿಗ್ರಾಂ ವಿಷವನ್ನು ನಿಷ್ಕ್ರಿಯಗೊಳಿಸುತ್ತದೆ. 10 ಮಿಲಿಲೀಟರಿನ ಒಂದು ವಯಲ್‌ಗೆ 6 ಮಿಲಿಗ್ರಾಂ. ಆದ್ದರಿಂದ ವೈದ್ಯರು ಸಾಮಾನ್ಯವಾಗಿ 8ರಿಂದ 10 ವಯಲ್‌ಗಳಿಂದ ಆರಂಭಿಸುತ್ತಾರೆ. ಕುದುರೆಯ ರಕ್ತದಿಂದ ತಯಾರಾದ ಈ ಔಷಧವೇ ಕೆಲವರಲ್ಲಿ ಪ್ರಾಣಾಪಾಯದ ಅಲರ್ಜಿಯನ್ನು ಉಂಟುಮಾಡುವುದರಿಂದ ಅದನ್ನು ಫ್ರಿಜ್ಜಿನಲ್ಲಿಟ್ಟುಕೊಂಡು ಮನೆಯಲ್ಲೇ ಚುಚ್ಚಿಕೊಳ್ಳುವ ಯೋಚನೆಯನ್ನು ಬಿಟ್ಟುಬಿಡಿ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿ ಪ್ರಾಣ ಉಳಿದರೂ, ನಾಗರಹಾವಿನ ಕಡಿತದ ಸುತ್ತ ಮಾಂಸ ಕೊಳೆತು ಬೆರಳನ್ನೇ ತೆಗೆಯಬೇಕಾಗುವುದುಂಟು. ಕಾಳಿಂಗ ಸರ್ಪದ ವಿಷಕ್ಕೂ, ಪಶ್ಚಿಮ ಘಟ್ಟದ ಗುಳಿಮಂಡಲಗಳ ವಿಷಕ್ಕೂ ಈ ಔಷಧ ತಯಾರಾದದ್ದೇ ಅಲ್ಲ.

ಅಮೆರಿಕದಲ್ಲಿ ಸಾಕುತ್ತಾರಲ್ಲ ಎಂದು ಅಲ್ಲಿರುವ ಕನ್ನಡಿಗರೂ ಬರೆಯುತ್ತಾರೆ. ಅಲ್ಲಿ ರಾಜ್ಯಕ್ಕೊಂದು ಕಾನೂನು. ಫ್ಲಾರಿಡಾದಲ್ಲಿ ವಿಷದ ಹಾವು ಸಾಕುವ ಪರವಾನಗಿಗೆ ಕನಿಷ್ಠ 1,000 ಗಂಟೆಗಳ ಅನುಭವವನ್ನು ದಾಖಲೆಸಹಿತ ತೋರಿಸಬೇಕು. ಬ್ರಿಟನ್ನಿನಲ್ಲಿ 1976ರ ಕಾಯ್ದೆಯಂತೆ ಸ್ಥಳೀಯ ಆಡಳಿತದ ಪರವಾನಗಿ ಬೇಕು. ಅಲ್ಲಿಯ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಮನೆಗೆ ನುಗ್ಗಿದ ಹಾವನ್ನು ಹಿಡಿದೊಯ್ಯುವ ಉರಗ ರಕ್ಷಕರು ಅದನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬಹುದೇ? ಕೆಲವರು ಹಿಡಿದ ಹಾವುಗಳನ್ನು ಚೀಲದಲ್ಲೋ ಡ್ರಮ್ಮಿನಲ್ಲೋ ದಿನಗಟ್ಟಲೆ ಇರಿಸಿಕೊಂಡು, ಶಾಲೆಗಳಲ್ಲಿ ಪ್ರದರ್ಶಿಸಿ, ಹುಟ್ಟುಹಬ್ಬಗಳಲ್ಲಿ ಕೊರಳಿಗೆ ಹಾಕಿಕೊಂಡು, ಆಮೇಲೆ ಎಲ್ಲವನ್ನೂ ಒಂದೇ ಕಾಡಿಗೆ ಸುರಿದು ಬರುತ್ತಾರೆ. ರಕ್ಷಣೆಯ ಹೆಸರಿದ್ದರೂ ಇದು ಸಾಕಣೆಯೇ, ಕಾನೂನಿನ ಕಣ್ಣಿನಲ್ಲಿ ಇದಕ್ಕೂ ರಿಯಾಯಿತಿಯಿಲ್ಲ. 2020ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಒಬ್ಬಾತ, ಹಾವು ಹಿಡಿಯುವವನೊಬ್ಬನಿಂದ ಕೊಂಡ ನಾಗರಹಾವಿನಿಂದಲೇ ಹೆಂಡತಿಯನ್ನು ಕಚ್ಚಿಸಿ ಕೊಂದ ಪ್ರಕರಣ, ಇಂಥ ಖಾಸಗಿ ದಾಸ್ತಾನು ಯಾರ ಕೈಗೆ ಸೇರಬಹುದೆಂಬುದನ್ನು ತೋರಿಸಿತು. 2021ರಲ್ಲಿ ಅವನಿಗೆ ಎರಡು ಜೀವಾವಧಿ ಶಿಕ್ಷೆಯಾಯಿತು. ಈಗ ಕೇರಳದ ಅರಣ್ಯ ಇಲಾಖೆ ತಾನು ತರಬೇತಿ ಕೊಟ್ಟು ಪ್ರಮಾಣಪತ್ರ ನೀಡಿದವರಿಗೆ ಮಾತ್ರ ಹಾವು ಹಿಡಿಯಲು ಬಿಡುತ್ತದೆ.

ದೂರದ ಕಾಡಿಗೆ ಬಿಡುವುದು ಪುಣ್ಯದ ಕೆಲಸವೆಂಬ ನಂಬಿಕೆಯನ್ನೂ ಆಗುಂಬೆಯ ಕಡೆ ಕಾಳಿಂಗಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದ ಸಂಶೋಧಕರು ಅಲುಗಾಡಿಸಿದ್ದಾರೆ. ದೂರ ಒಯ್ದು ಬಿಟ್ಟ ಕಾಳಿಂಗ, ತನ್ನ ನೆಲೆಯಲ್ಲೇ ಉಳಿದ ಕಾಳಿಂಗಕ್ಕಿಂತ ಬಹಳ ಹೆಚ್ಚು ಅಲೆದಾಡಿತು. ಪರಿಚಿತ ಬಿಲ, ಬೇಟೆಯ ಜಾಗ ಎರಡೂ ಇಲ್ಲದ ಹಾವು ರಸ್ತೆ ದಾಟುತ್ತದೆ, ಹೊಸ ಹೊಸ ಮನೆಗಳಿಗೆ ನುಗ್ಗುತ್ತದೆ. ಹಿಡಿದಲ್ಲಿಗೆ ಸಮೀಪವೇ, ಆದಷ್ಟು ಬೇಗ ಬಿಡುವುದು ಸರಿಯಾದ ಕ್ರಮ.

ಹಲ್ಲು ಕಿತ್ತ ಹಾವಿಗೆ ಮಾತ್ರ ಈ ಕ್ರಮ ಒಗ್ಗುವುದಿಲ್ಲ, ಪ್ರಶ್ನೆ ಕೇಳಿದವರು ಇದನ್ನು ಗಮನಿಸಬೇಕು. ಹಾವಾಡಿಗರ ಮೇಲಿನ ಕನಿಕರದಿಂದ ಅದನ್ನು ಕೊಂಡು ಪಕ್ಕದ ಪೊದೆಯಲ್ಲಿ ಬಿಟ್ಟರೆ, ಬಾಯಿ ಹುಣ್ಣಾಗಿರುವ ಆ ಹಾವು ಬೇಟೆಯಾಡಲಾರದೆ ಸಾಯುತ್ತದೆ, ಹಾವಾಡಿಗರು ನಿಮ್ಮ ಹಣದಲ್ಲಿ ಇನ್ನೊಂದನ್ನು ಹಿಡಿಯುತ್ತಾರೆ. ಹಣ ಕೊಡದೆ, ಹಾವನ್ನು ಮುಟ್ಟದೆ, ಅದು ಎಲ್ಲಿದೆಯೆಂದು ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಿ. ಇಲಾಖೆಯವರು ಅದನ್ನು ವಶಕ್ಕೆ ಪಡೆದು ಪಶುವೈದ್ಯರಿಗೆ ತೋರಿಸುತ್ತಾರೆ. ಬಾಯಿ ವಾಸಿಯಾಗಿ, ಹೊಸ ಹಲ್ಲು ಬಂದು, ತಾನೇ ಇಲಿ ಹಿಡಿದು ತಿನ್ನುವಂತಾದ ಮೇಲೆಯೇ ಅದನ್ನು ಹೊರಗೆ ಬಿಡಬೇಕಾಗುತ್ತದೆ.