ಸಿಕ್ಕಿ ಎಷ್ಟು ಹೊತ್ತಾಯ್ತು?

ಏಪ್ರಿಲ್ ಕೊನೆಯ ಒಂದು ಸಂಜೆ, ಮಂಗಳೂರಿನ ಬೋಂದೆಲ್ ಕಡೆಯವರೊಬ್ಬರು ಬಿಸ್ಕತ್ತಿನ ರಟ್ಟಿನ ಡಬ್ಬಿ ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದರು. ಜೊತೆಗೆ ಹತ್ತು ವರ್ಷದ ಮಗಳು. ಡಬ್ಬಿಯಲ್ಲಿ ಹಳೇ ಬೈರಾಸಿನ ಮೇಲೆ ಮೂರು ಅಳಿಲು ಮರಿ. ತೆಂಗಿನಕಾಯಿ ಕೊಯ್ಯಲು ಬಂದವರು ಒಣ ಮಡಲು ಕೀಳುವಾಗ ಗೂಡು ಕೆಳಗೆ ಬಿತ್ತಂತೆ.

"ಸಿಕ್ಕಿ ಎಷ್ಟು ಹೊತ್ತಾಯ್ತು?" ಅಂತ ಕೇಳಿದೆ. ಇಂಥ ಡಬ್ಬಿ ಬಂದಾಗಲೆಲ್ಲ ನಾನು ಮೊದಲು ಕೇಳುವುದೇ ಇದನ್ನು.

"ಇವತ್ತಿಗೆ ನಾಲ್ಕು ದಿನ ಡಾಕ್ಟ್ರೇ. ಒಳ್ಳೆ ಹಾಲು ಕುಡೀತಾ ಇದ್ದವು ಮಾರಾಯ್ರೆ. ನಿನ್ನೆಯಿಂದ ಎಂತದೋ ಆಗಿದೆ."

ಒಂದು ಮರಿಯ ಮೂಗಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಾಲಿನ ಗುಳ್ಳೆ ಇತ್ತು. ಮರಿ ಉಸಿರು ಬಿಟ್ಟಾಗ ಹಿಗ್ಗುತ್ತಿತ್ತು, ಎಳೆದುಕೊಂಡಾಗ ಕುಗ್ಗುತ್ತಿತ್ತು. ಕಿವಿಯ ಹತ್ತಿರ ಹಿಡಿದರೆ ಎದೆಯೊಳಗೆ ಚಿಟಿಚಿಟಿ ಸದ್ದು. ಹಾಲು ಶ್ವಾಸಕೋಶಕ್ಕೆ ಇಳಿದಿತ್ತು. ಹುಡುಗಿ ಮರಿಗಳನ್ನು ಅಂಗಾತ ಮಲಗಿಸಿಕೊಂಡು, ತೊಟ್ಟಿಲ ಕೂಸಿಗೆ ಕುಡಿಸುವ ಹಾಗೆ, ಇಂಕ್ ಫಿಲ್ಲರ್‌ನಲ್ಲಿ ದನದ ಹಾಲು ಬಿಟ್ಟಿದ್ದಳು. ಎರಡು ಮರಿ ಆ ರಾತ್ರಿಯೇ ಹೋದವು.

ನನ್ನ ಟೇಬಲ್ ಮೇಲೆ ಸಾಯುವ ಕಾಡುಜೀವಿಗಳಲ್ಲಿ ಬಿದ್ದ ಪೆಟ್ಟಿನಿಂದಲೇ ಸಾಯುವವು ಕಮ್ಮಿ. ಸಿಕ್ಕಿದ ಗಂಟೆಗೂ ನನ್ನ ಹತ್ತಿರ ಬರುವ ಗಂಟೆಗೂ ನಡುವೆ ಏನಾಯಿತು ಎನ್ನುವುದೇ ಜಾಸ್ತಿ ಕೊಲ್ಲುತ್ತದೆ. ಆ ಹೊತ್ತಿನಲ್ಲಿ ಯಾರೂ ಕೆಟ್ಟದ್ದು ಮಾಡಿರುವುದಿಲ್ಲ. ಉಣ್ಣಿಸಿರುತ್ತಾರೆ, ತಲೆ ಸವರಿರುತ್ತಾರೆ, ಅಕ್ಕಪಕ್ಕದವರಿಗೆ ತೋರಿಸಿರುತ್ತಾರೆ.

ಅಳಿಲಿನ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಊರಿನಲ್ಲಿ ಜಾಸ್ತಿ ಸಿಗುವುದು ಅದೇ. ಗೂಡಿನಿಂದ ಬಿದ್ದ ಮರಿಯ ಹೊಟ್ಟೆ ಮುಟ್ಟಿ ನೋಡಿ. ತಣ್ಣಗಿದ್ದರೆ ಏನನ್ನೂ ಬಾಯಿಗೆ ಹಾಕಬೇಡಿ. ಮೈ ತಣ್ಣಗಿದ್ದಾಗ ಕರುಳು ಕೆಲಸ ಮಾಡುವುದಿಲ್ಲ. ಕುಡಿಸಿದ ಹಾಲು ಅಲ್ಲೇ ನಿಂತು ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮೈ ಬೆಚ್ಚಗಾದ ಮೇಲೆ ಓಆರ್‌ಎಸ್ ನೀರು, ಅದೂ ಹನಿ ಹನಿಯಾಗಿ, ಹೊಟ್ಟೆ ಕೆಳಗಾಗಿ ಹಿಡಿದು. ಹಾಲಿನ ಸರದಿ ಅದರ ನಂತರ. ದನದ ಹಾಲಿನಲ್ಲಿ ಅಳಿಲಿಗೆ ಬೇಕಾದಷ್ಟು ಕೊಬ್ಬೂ ಇಲ್ಲ, ಪ್ರೊಟೀನೂ ಇಲ್ಲ. ಇರುವ ಸಕ್ಕರೆ ಅಂಶ ಮಾತ್ರ ಅದಕ್ಕೆ ಜಾಸ್ತಿಯಾಗಿ ಭೇದಿ ಹಿಡಿಯುತ್ತದೆ. ನಾವು ನಾಯಿಮರಿಗೆ ಕೊಡುವ ಹಾಲಿನ ಪುಡಿ ಕಲಸಿ ಕೊಡುತ್ತೇವೆ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗ ಮೆಲ್ಲಗೆ ಸವರಬೇಕು. ತಾಯಿ ನೆಕ್ಕುವ ಕೆಲಸ ಅದು. ಅದಾಗದಿದ್ದರೆ ಕಣ್ಣು ಬಿಡದ ಮರಿಗೆ ಉಚ್ಚೆ ಹೊಯ್ಯಲೂ ಬರುವುದಿಲ್ಲ.

ಇಷ್ಟೆಲ್ಲ ಓದಿ "ಓ, ಹೀಗೆ ಸಾಕಬಹುದಲ್ವಾ" ಅಂದುಕೊಂಡರೆ ನಾನು ಬರೆದದ್ದು ದಂಡ. ಆ ಮೂರು ಮರಿಗಳಿಗೆ ಮೊದಲ ದಿನ ಬೇಕಾಗಿದ್ದದ್ದು ನಾನೂ ಅಲ್ಲ, ಹಾಲಿನ ಪುಡಿಯೂ ಅಲ್ಲ. ಬಿಸಿನೀರಿನ ಬಾಟಲಿ ಸಮೇತ ಡಬ್ಬಿಯನ್ನು ಅದೇ ತೆಂಗಿನ ಮರಕ್ಕೆ ಕಟ್ಟಿ, ನಾಯಿಯನ್ನು ಕಟ್ಟಿಹಾಕಿ, ಮನೆಯವರೆಲ್ಲ ಒಳಗೆ ಹೋಗಿದ್ದರೆ ಸಾಕಿತ್ತು. ತಾಯಿ ಅಳಿಲು ಅಲ್ಲೇ ಎಲ್ಲೋ ಕೂಗುತ್ತಿರುತ್ತದೆ. ಜನ ಸರಿದ ಮೇಲೆ ಬಂದು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಬೇರೆ ಗೂಡಿಗೆ ಒಯ್ಯುತ್ತದೆ. ಕತ್ತಲಾದರೂ ಬಾರದಿದ್ದರೆ ಮಾತ್ರ ನಮಗೆ ಫೋನ್ ಮಾಡಿ. ಮನುಷ್ಯರ ಕೈ ತಾಗಿದರೆ ತಾಯಿ ಮತ್ತೆ ಮುಟ್ಟುವುದಿಲ್ಲ ಎಂಬ ಮಾತನ್ನು ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಹಕ್ಕಿಗಳಿಗೂ ಅದನ್ನೇ ಹೇಳುತ್ತಾರೆ. ಸುಳ್ಳು. ಪುಕ್ಕ ಬಾರದ ಮರಿ ಬಿದ್ದಿದ್ದರೆ ಎತ್ತಿ ಗೂಡಿಗೇ ಇಡಿ. ಪುಕ್ಕ ಬಂದು, ಗಿಡ್ಡ ಬಾಲ ಹೊತ್ತು ಅಂಗಳದಲ್ಲಿ ಕುಪ್ಪಳಿಸುವ ಮರಿ ಹಾರಲು ಕಲಿಯುತ್ತಿದೆ ಅಷ್ಟೇ. ಬೆಕ್ಕನ್ನು ಒಳಗೆ ಹಾಕಿ, ಮರಿಯನ್ನು ಅದರ ಪಾಡಿಗೆ ಬಿಡಿ.

ನಿಜವಾಗಿ ಪೆಟ್ಟಾದ ಹಕ್ಕಿಗೆ ರಟ್ಟಿನ ಡಬ್ಬಿ, ನಾಲ್ಕು ತೂತು, ಕತ್ತಲೆ, ಮೌನ. ಚಮಚದಲ್ಲಿ ನೀರು ಬಿಡಬೇಡಿ. ಹಕ್ಕಿಯ ನಾಲಗೆಯ ಬುಡದಲ್ಲೇ ಉಸಿರಿನ ತೂತು ಇದೆ, ನೀವು ಬಿಟ್ಟ ನೀರು ನೇರ ಅಲ್ಲಿಗೇ ಹೋಗುತ್ತದೆ. ರೆಕ್ಕೆಯ ತೋಳಿನ ಮೂಳೆ ಮುರಿದು ಹೊರಗೆ ಬಂದಿದ್ದರೆ ಗಾಯಕ್ಕೆ ನಲ್ಲಿ ನೀರು ಹಿಡಿಯಲೂಬೇಡಿ. ಆ ಮೂಳೆ ಟೊಳ್ಳು, ಒಳಗಿನ ಉಸಿರಾಟದ ಗಾಳಿಚೀಲಕ್ಕೆ ಸೇರಿಕೊಂಡಿದೆ.

ಮಳೆಗಾಲದ್ದು ಬೇರೆಯೇ ಕಥೆ. ಜೂನ್, ಜುಲೈನಲ್ಲಿ ಟ್ರಾಲ್ ಬೋಟುಗಳೆಲ್ಲ ದಡದಲ್ಲಿರುವಾಗ ಗಾಳಿಗೆ ಸಿಕ್ಕಿದ ಕಡಲ ಹಕ್ಕಿಗಳು ಪಣಂಬೂರು, ಸಸಿಹಿತ್ಲು, ಮಲ್ಪೆ ಕಡೆ ದಡಕ್ಕೆ ಬಂದು ಬೀಳುತ್ತವೆ. ಅವುಗಳಲ್ಲಿ ಬೂಬಿ ಎಂಬ ಹಕ್ಕಿ ನೋಡಲು ದೊಡ್ಡ ಬಾತಿನ ಹಾಗೆ, ಕೊಕ್ಕು ಮಾತ್ರ ಕತ್ತಿ. ಕುಕ್ಕುತ್ತದೆ ಅಂತ ಜನ ಕೊಕ್ಕಿಗೆ ರಬ್ಬರ್ ಬ್ಯಾಂಡ್ ಹಾಕಿಬಿಡುತ್ತಾರೆ. ಬೂಬಿಗೆ ಹೊರಗಿನ ಮೂಗಿನ ಹೊಳ್ಳೆಯೇ ಇಲ್ಲ! ನೆಟ್ಟಗೆ ನೀರಿಗೆ ಧುಮುಕುವ ಹಕ್ಕಿ ಅಲ್ವಾ, ಅದು ಉಸಿರಾಡುವುದು ಬಾಯಿಯ ಅಂಚಿನಿಂದ. ಕೊಕ್ಕು ಬಿಗಿದರೆ ಉಸಿರುಗಟ್ಟಿ ಸಾಯುತ್ತದೆ. ಇನ್ನು ಕೆಲವರು ಪಾಪ ಅಂತ ಎತ್ತಿ ವಾಪಸ್ ಸಮುದ್ರಕ್ಕೆ ಬಿಡುತ್ತಾರೆ. ಅಲ್ಲಿ ಈಜಲಾರದೆ ತಾನೇ ಅದು ದಡಕ್ಕೆ ಬಂದದ್ದು? ದಡಕ್ಕೆ ಬಂದ ಕಡಲಾಮೆಗೂ ಇದೇ ಮಾತು.

ಮೀನುಗಾರಿಕಾ ಬಂದರು ಧಕ್ಕೆಯ ಹತ್ತಿರದ ಹುಡುಗನೊಬ್ಬ ಗರುಡನ ಮರಿಯೊಂದನ್ನು ಮೂರು ವಾರ ಸಾಕಿ ತಂದಿದ್ದ. ದಿನಾ ತಾಜಾ ಬಂಗುಡೆ, ಮುಳ್ಳು ಸಿಕ್ಕಿಕೊಳ್ಳಬಾರದು ಅಂತ ಒಂದೊಂದೇ ಬಿಡಿಸಿ. ಮರಿ ದುಂಡಗಿತ್ತು. ನಿಲ್ಲಿಸಿದರೆ ಕಾಲು ಬಿಲ್ಲಿನ ಹಾಗೆ ಬಾಗುತ್ತಿತ್ತು. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿ ಕಾಣಲೇ ಇಲ್ಲ, ಅಷ್ಟು ತೆಳು. ಕ್ಯಾಲ್ಸಿಯಂ ಇದ್ದದ್ದು ಅವನು ಬಿಸಾಡಿದ ಮುಳ್ಳಿನಲ್ಲೇ.

ಬೇರೆಯವರ ತಪ್ಪನ್ನಷ್ಟೇ ಹೇಳಿದರೆ ಸರಿಯಾಗುವುದಿಲ್ಲ. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೊಂದು ಕಣಜ ಗೂಬೆಯ ಮರಿಯನ್ನು ಮನೆಯಲ್ಲಿ ಒಂಟಿಯಾಗಿ ಸಾಕಿದೆ. ಆಹಾರ ಸರಿ, ತೂಕ ಸರಿ, ರೆಕ್ಕೆ ಸರಿ. ಹೆಸರೂ ಇಟ್ಟಿದ್ದೆ, ಏನಂತ ಹೇಳುವುದಿಲ್ಲ, ನಾಚಿಕೆ. ಎರಡು ತಿಂಗಳ ಮೇಲೆ ಬಿಡಲು ಹೋದರೆ ಅದು ಹಾರಿ ಬಂದು ನನ್ನ ಭುಜದ ಮೇಲೇ ಕೂತಿತು. ಇನ್ನೊಂದು ಗೂಬೆ ತೋರಿಸಿದರೆ ಹೆದರಿ ಮೂಲೆ ಸೇರಿತು. ಹಸಿವಾದರೆ ದಾರಿಹೋಕರನ್ನು ಕಂಡು ಕಿರುಚುತ್ತಿತ್ತು. ಆ ಗೂಬೆ ಉಳಿದ ಬದುಕನ್ನು ಜಾಲರಿಯ ಹಿಂದೆ ಕಳೆಯಿತು. ಈಗ ಮರಿಗಳನ್ನು ಆದಷ್ಟು ಅದೇ ಜಾತಿಯ ಇನ್ನೊಂದರ ಜೊತೆ ಇಡುತ್ತೇವೆ. ಮುಖಕ್ಕೆ ಬಟ್ಟೆ ಕಟ್ಟಿ, ಮಾತಿಲ್ಲದೆ ಊಟ ಕೊಡುತ್ತೇವೆ. ನೋಡಲು ಬಂದವರಿಗೆ ಬೇಸರವಾಗುತ್ತದೆ, "ಎಂತ ಡಾಕ್ಟ್ರೇ, ಒಂದು ಫೋಟೋ ತೆಗೀಲಿಕ್ಕೂ ಬಿಡುದಿಲ್ವಾ" ಅಂತ. ಬಿಡುವುದಿಲ್ಲ.

ಕಾನೂನನ್ನೂ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೀಗೆ ಕೈಗೆ ಬಂದ ಕಾಡುಪ್ರಾಣಿ ಸರ್ಕಾರದ ಸ್ವತ್ತು. 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಇಲಾಖೆಯ ಸಹಾಯವಾಣಿ 1926. ಮಂಗಳೂರಿನ ಸುತ್ತಮುತ್ತ ಸಿಕ್ಕಿದ್ದು ಪಿಲಿಕುಳದ ಜೈವಿಕ ಉದ್ಯಾನಕ್ಕೆ ಹೋಗುವುದೂ ಉಂಟು. ಮಂಗ, ಮುಂಗುಸಿ, ಕಬ್ಬೆಕ್ಕು ಕಚ್ಚಿದ್ದರೆ ಮೊದಲು ನಿಮ್ಮ ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು ರೇಬೀಸ್ ಲಸಿಕೆಗೆ ಓಡಿ. ಬಾವಲಿಯನ್ನಂತೂ ಬರಿಗೈಯಲ್ಲಿ ಮುಟ್ಟಲೇಬೇಡಿ.

ಕೊನೆಗೆ ಹಾವು. ಜೆಸಿಬಿ ತಾಗಿದ ನಾಗರಹಾವನ್ನು ನಮ್ಮ ಜನ ಕಣ್ಣೀರು ಹಾಕಿಕೊಂಡು ತರುತ್ತಾರೆ. ಒಂದು ಕಡೆ ಪೂಜೆ ಮಾಡುವ ಭಟ್ರಿಗೆ ಫೋನ್, ಇನ್ನೊಂದು ಕಡೆ ನನಗೆ. ಕೊಳಕುಮಂಡಲಕ್ಕೆ ಈ ಭಾಗ್ಯ ಇಲ್ಲ ಬಿಡಿ. ಹಾವಿನ ಚರ್ಮ ನಿಧಾನಕ್ಕೆ ಕೂಡುತ್ತದೆ. ಹೊಲಿಗೆ ಬಿಚ್ಚಲು ನಾಲ್ಕರಿಂದ ಆರು ವಾರ, ಎಷ್ಟೋ ಸಲ ಪೊರೆ ಕಳಚುವವರೆಗೂ ಕಾಯುತ್ತೇವೆ.

ಆದರೆ ಹಾವುಗಳಲ್ಲಿ ನನಗೆ ಜಾಸ್ತಿ ಬರುವುದು ಬಲೆಗೆ ಸಿಕ್ಕಿದ ಕೇರೆ. ಕೋಳಿ ನುಗ್ಗದ ಹಾಗೆ ಬಸಳೆ ಚಪ್ಪರದ ಸುತ್ತ ಹಳೇ ಮೀನಿನ ಬಲೆ ಕಟ್ಟುತ್ತಾರಲ್ಲ, ಅದಕ್ಕೆ. ಹಾವಿನ ಹುರುಪೆಗಳು ಹಿಂದಕ್ಕೆ ವಾಲಿರುತ್ತವೆ. ತಲೆ ನುಗ್ಗಿದ ಮೇಲೆ ಹಿಂದೆ ಸರಿಯಲು ನೈಲಾನ್ ಬಿಡುವುದಿಲ್ಲ. ಮುಂದೆ ಹೋದಷ್ಟೂ ಬಿಗಿಯುತ್ತದೆ. ಹೋದ ಮಳೆಗಾಲ ಉಡುಪಿ ಹತ್ತಿರದ ಒಂದು ಮನೆಯವರು ಉರಗ ರಕ್ಷಕರನ್ನು ಕರೆಸಿ ಬಲೆ ಕತ್ತರಿಸಿ ಹಾವನ್ನು ಅಲ್ಲೇ ಬಿಟ್ಟರು. ಹರಿದುಕೊಂಡು ಹೋಯಿತು, ಎಲ್ಲರಿಗೂ ಖುಷಿ. ನಾಲ್ಕನೇ ದಿನ ಅದೇ ಹಾವು ಬಚ್ಚಲ ಹಿಂದೆ ಸಿಕ್ಕಿತು, ಬಲೆ ಬಿಗಿದಿದ್ದ ಜಾಗ ಉಂಗುರದ ಹಾಗೆ ಕಪ್ಪಾಗಿ ಕೊಳೆತಿತ್ತು. ರಕ್ತ ನಿಂತ ಮಾಂಸ ಸತ್ತದ್ದು ಹೊರಗೆ ಕಾಣಲು ಎರಡು ಮೂರು ದಿನ ಬೇಕು. ಅದಕ್ಕೇ ಮೈಗೆ ಅಂಟಿದ ತುಂಡನ್ನು ಕೀಳದೆ, ಸುತ್ತಲಿನ ಬಲೆ ಮಾತ್ರ ಕತ್ತರಿಸಿ, ತುಂಡಿನ ಸಮೇತ ಚೀಲದಲ್ಲಿ ತನ್ನಿ ಅಂತ ರಕ್ಷಕರಿಗೆ ಹೇಳುವುದು. ಒಂದು ವಾರವಾದರೂ ನಮ್ಮ ಕಣ್ಣೆದುರಿಗೆ ಇರಬೇಕು.

ಆ ಮನೆಯವರು ಈ ವರ್ಷ ಬಲೆ ತೆಗೆದು, ಅಜ್ಜಿ ಹೇಳಿಕೊಟ್ಟ ಹಾಗೆ ತೆಂಗಿನ ಮಡಲು ಹೆಣೆದು ತಟ್ಟಿ ಕಟ್ಟಿದ್ದಾರೆ. ಮೊನ್ನೆ ಫೋನ್ ಮಾಡಿದ್ದರು. ಹಾವು ಸಿಕ್ಕಿಲ್ಲವಂತೆ. ಬಸಳೆಯನ್ನು ಮಾತ್ರ ಕೋಳಿ ಬಿಟ್ಟಿಲ್ಲವಂತೆ.